ಅಕ್ಕನ ಮನೆಯ ಪಂಕ್ತಿಯಿಂದ ಎದ್ದು ಹೋದ ಬಗ್ಗೆ

ಇವರಿಗೆ,
ಈ ಬರಹವನ್ನು ಓದುವ ಎಲ್ಲ ಮಾನ್ಯರಿಗೆ.

ವಿಷಯ: ತಲೆಬುರುಡೆಯ ತಳದಲ್ಲಿ ಎದ್ದ ಊತದ ಗಂಟು, ಅದರ ಚಿಕಿತ್ಸೆ ಹಾಗೂ ಅದರಿಂದ ನನಗಾದ ನಾಚಿಕೆಯ ಕುರಿತು.

ಮಾನ್ಯರೇ,

ವಿಷಯಕ್ಕೆ ಬರುವ ಮೊದಲು ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪುತ್ತದೆ. ನಾನು ಹನೂರು ತಾಲ್ಲೂಕಿನ ಕೌದಳ್ಳಿ ಕಡೆಯ ಒಂದು ಊರಿನಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿಯಾಗಿರುತ್ತೇನೆ. ಪಶು ಆಹಾರದ ಚೀಲ ಬಂದಿಲ್ಲ, ತೂಕದ ಯಂತ್ರ ಕೆಟ್ಟಿದೆ ಎಂಬಂಥ ಪತ್ರಗಳನ್ನು ಬಿಟ್ಟರೆ ಇದುವರೆಗೆ ಬೇರೇನನ್ನೂ ಬರೆದವನಲ್ಲ. ಆದ್ದರಿಂದ ನನಗೆ ಬರುವ ರೀತಿಯಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಬರೆಯಲು ಕಾರಣವಿದೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೆಸರು ಕರೆಯುವುದನ್ನು ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದಾಗ, ಅಜ್ಜೀಪುರದ ಕಡೆಯ ಒಬ್ಬ ತಾಯಿ ನನ್ನ ಪಕ್ಕದಲ್ಲಿದ್ದರು. ಅವರ ಗಂಡನಿಗೂ ನನ್ನಂತೆಯೇ ತಲೆಬುರುಡೆಯ ತಳದಲ್ಲಿ ಗಂಟು. ಆಕೆ ಸ್ಕ್ಯಾನಿಂಗ್ ಚಿತ್ರಗಳ ದೊಡ್ಡ ಕವರನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ಕೇಳಿದರು:

“ಅಣ್ಣಾ, ಈ ಕಾಯ್ಲೆ ಬಂದು ಎದ್ದೋರ್ನ ಯಾರ್ನಾರ ಕಂಡಿದ್ದೀರಾ?”

ನಾನು ಬಾಯಿಗೆ ಟವೆಲು ಒತ್ತಿಕೊಂಡಿದ್ದೆ. ಬಾಯಿ ತೆರೆದರೆ ಜೊಲ್ಲು ಸೋರುವುದೆಂಬ ಭಯ. ಸುಮ್ಮನೆ ತಲೆಯಾಡಿಸಿದೆ. ಆಕೆ ಅದನ್ನು “ಇಲ್ಲ” ಎಂದು ತೆಗೆದುಕೊಂಡು, ಕವರನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆ ಉತ್ತರವನ್ನು ಸರಿಪಡಿಸುವುದು ನನ್ನ ಕರ್ತವ್ಯವೆಂದು ಭಾವಿಸಿರುತ್ತೇನೆ.

ಕಾಯಿಲೆ ಶುರುವಾದದ್ದು ಬಲಗಿವಿಯ ಹಿಂದೆ. ಒಳಗೆ ಯಾರೋ ಗೂಟ ಜಡಿಯುತ್ತಿರುವಂತೆ ನೋವು. ಶೀತವೆಂದು ಎಣ್ಣೆ ಬಿಸಿ ಮಾಡಿ ಹಾಕಿಸಿಕೊಂಡೆ. ಆಮೇಲೆ ಧ್ವನಿ ಒಡೆಯಿತು. ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕುವವರ ಹೆಸರನ್ನು ನಾನು ಕೂಗುವುದು ವಾಡಿಕೆ. ಕೂಗಿದರೆ ಗಾಳಿ ಮಾತ್ರ ಬರುತ್ತಿತ್ತು. ಎಮ್ಮೆ ಹಾಲಿನ ನಂಜಪ್ಪ ಸಾಲಿನಲ್ಲಿ ನಿಂತೇ ಕೇಳಿದ:

“ಏನ್ ಸೆಕ್ರೆಟ್ರಿ, ಗಂಟ್ಲಲ್ಲಿ ಕಪ್ಪೆ ಸಾಕಿದ್ದೀಯಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಂತರ ನೀರು ಕುಡಿದರೆ ಮೂಗಿನಿಂದ ಬರಲಾರಂಭಿಸಿತು. ಇದನ್ನು ಯಾರಿಗೂ ಹೇಳಲಿಲ್ಲ. ನಲವತ್ತು ದಾಟಿದ ಗಂಡಸು ಎಳೆಕೂಸಿನಂತೆ ಮೂಗಿನಿಂದ ನೀರು ಬಿಡುತ್ತಾನೆಂದು ಯಾರ ಮುಂದೆ ಹೇಳುವುದು? ಒಲೆಯ ಮುಂದೆ, ಮನೆಯವರಿಗೆ ಬೆನ್ನು ಮಾಡಿ ಕುಳಿತು ಕುಡಿಯುತ್ತಿದ್ದೆ. ನನ್ನ ಮಡದಿ ಮಂಗಳ ಅದನ್ನು ಕಂಡುಹಿಡಿದು, ಕೈಹಿಡಿದು ಎಳೆದುಕೊಂಡು ಕೊಳ್ಳೇಗಾಲದ ಕಿವಿ-ಗಂಟಲಿನ ವೈದ್ಯರ ಬಳಿ ಕರೆದೊಯ್ದಳು.

ವೈದ್ಯರು ನಾಲಿಗೆ ಚಾಚಲು ಹೇಳಿದರು. ಚಾಚಿದೆ.

“ನೇರವಾಗಿ ಚಾಚಿ.”

“ನೇರಕ್ಕೇ ಚಾಚಿವ್ನಿ ಸಾ.”

ಅವರು ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿದರು. ನನ್ನ ನಾಲಿಗೆ ಬಲಕ್ಕೆ ಹೊರಳಿಕೊಂಡಿತ್ತು. ನೊಗ ಕಳಚಿದ ಗಾಡಿಯ ಮೂಕಿ ಒಂದು ಕಡೆಗೆ ವಾಲಿಕೊಂಡಂತೆ. ನನ್ನ ಬಾಯೊಳಗಿನ ವಸ್ತುವೊಂದು ನನ್ನ ಮಾತು ಕೇಳುತ್ತಿಲ್ಲವೆಂಬುದನ್ನು ಮಂಗಳ ಪಕ್ಕದಲ್ಲಿಯೇ ನಿಂತು ನೋಡಿದಳು. ಮೈಸೂರಿಗೆ ಹೋಗಿ ತಲೆಯ ಸ್ಕ್ಯಾನಿಂಗ್ ಮಾಡಿಸಿ, ತಡ ಮಾಡಬೇಡಿ ಎಂದು ವೈದ್ಯರು ಚೀಟಿ ಬರೆದುಕೊಟ್ಟರು.

ಆ ವಾರವೇ ಯಳಂದೂರಿನ ಹತ್ತಿರ ನನ್ನ ಅಕ್ಕನ ಮನೆಯಲ್ಲಿ ಅವರ ಮಗಳು ಕಲಾಳ ನಿಶ್ಚಿತಾರ್ಥ. ಅಕ್ಕನ ಹೆಸರು ಗೌರಮ್ಮ. ನಾವಿಬ್ಬರೇ ಮಕ್ಕಳು. ನಮ್ಮ ತಾಯಿ ಬೇಗ ತೀರಿಕೊಂಡಿದ್ದರಿಂದ ನನಗೆ ತುತ್ತು ಇಟ್ಟು ಬೆಳೆಸಿದ್ದು ಆಕೆಯೇ. ಶುಭಕಾರ್ಯ ಮುಗಿಯಲಿ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ಮಂಗಳಳಿಂದ ಮಾತು ತೆಗೆದುಕೊಂಡು, ಅವಳೊಡನೆ ಹೊರಟೆ.

ನಮ್ಮ ಕಡೆಯ ಪಂಕ್ತಿಯ ನಡಾವಳಿಯನ್ನು ಇಲ್ಲಿ ತಿಳಿಸಬೇಕಾಗಿದೆ. ಒಂದೇ ಸಾಲಿನಲ್ಲಿ ಉಣ್ಣಲು ಕುಳಿತವರು ಒಟ್ಟಿಗೇ ಏಳಬೇಕು. ಕೊನೆಯವನ ಊಟ ಮುಗಿಯುವವರೆಗೆ ಉಳಿದವರು ಎಂಜಲು ಕೈಯಲ್ಲಿಯೇ ಕಾಯುತ್ತಾರೆ. ನಡುವೆ ಎಲೆ ಬಿಟ್ಟು ಎದ್ದನೆಂದರೆ ಆ ಮನೆಯ ಋಣ ಹರಿಯಿತೆಂದು ಅರ್ಥ. ಅದರಲ್ಲಿಯೂ ಹೆಣ್ಣಿನ ಸೋದರಮಾವ ಎದ್ದರೆ ಹೇಳಬೇಕಾದ್ದೇ ಇಲ್ಲ.

ನನ್ನನ್ನು ಮೊದಲ ಪಂಕ್ತಿಯಲ್ಲಿ, ಗಂಡಿನ ಅಜ್ಜನವರ ಪಕ್ಕದಲ್ಲಿ ಕೂರಿಸಿದರು. ಒಬ್ಬಟ್ಟು ಬಡಿಸಿ ಅದರ ಮೇಲೆ ಕಾಯಿಹಾಲು ಸುರಿದರು. ಚಿಕ್ಕದೊಂದು ಚೂರನ್ನು ಬಾಯಿಗಿಟ್ಟುಕೊಂಡೆ. ಅದು ಗಂಟಲಿಗೆ ಇಳಿಯಲಿಲ್ಲ. ಕೆಮ್ಮು ಬಂತು. ಕಾಯಿಹಾಲು ಎರಡೂ ಹೊಳ್ಳೆಗಳಿಂದ ನನ್ನ ಎಲೆಯ ಮೇಲೆ ಸುರಿಯಿತು. ಅಜ್ಜನವರು ಆ ಕಡೆಯವರೊಡನೆ ಮಾತನಾಡುತ್ತಿದ್ದರಿಂದ ನೋಡಲಿಲ್ಲ. ಇನ್ನೊಂದು ಕ್ಷಣ ಕುಳಿತಿದ್ದರೆ ನೋಡುತ್ತಿದ್ದರು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಎದ್ದುಬಿಟ್ಟೆ. ಮಾತು, ಕತೆ, ಎಲೆಯ ಸದ್ದು ಎಲ್ಲವೂ ನಿಂತವು. ಅಕ್ಕ ಕೈಯಲ್ಲಿ ಸೌಟು ಹಿಡಿದೇ ಬಾಗಿಲವರೆಗೆ ಓಡಿ ಬಂದಳು.

“ಲೇ ಮಾದ, ಎತ್ತಗ್ಲಾ? ಇನ್ನೂ ಅನ್ನನೇ ಬಡ್ಸಿಲ್ವಲ್ಲಾ! ಯಾನಾಯ್ತ್ಲಾ?”

ನಾನು ಹಿಂದಿರುಗಿ ನೋಡಲಿಲ್ಲ. ರಸ್ತೆಗೆ ಬಂದು, ಮೊದಲು ಸಿಕ್ಕ ಬಸ್ಸು ಹತ್ತಿದೆ. ಮಂಗಳಳನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆಂಬುದು ಕೊಳ್ಳೇಗಾಲದಲ್ಲಿ ಇಳಿದ ಮೇಲೆ ನೆನಪಾಯಿತು.

ನನಗೊಬ್ಬ ಮಗನಿರುತ್ತಾನೆ. ಅಕ್ಕನ ಮಗಳನ್ನು ತಮ್ಮನ ಮಗನಿಗೆ ತರುವುದು ನಮ್ಮಲ್ಲಿ ಉಂಟು. ಕಲಾಳನ್ನು ಹೊರಗಿನವರಿಗೆ ಕೊಟ್ಟರು, ಅದಕ್ಕೇ ಸೋದರಮಾವ ಎಲೆ ಬಿಟ್ಟು ಎದ್ದ ಎಂದು ಆ ದಿನ ಸಂಜೆಯೊಳಗೆ ಎರಡೂ ಊರುಗಳಲ್ಲಿ ಮಾತಾಯಿತು. ಭಾವ ಫೋನು ಮಾಡಿದರು.

“ನಿನ್ ಮಗನ್ಗೆ ಬೇಕು ಅಂತಿದ್ರ ಮೊದ್ಲೇ ಬಾಯ್ಬುಟ್ಟು ಕೇಳಾದಲ್ವಾ ಕನಯ್ಯಾ? ಬೀಗ್ರ ಮುಂದ ನಮ್ ಮಾನ ಕಳದೆ.”

“ಅದಲ್ಲ ಭಾವ...” ಎಂದೆ. ಗಾಳಿಯೇ ಬಂತು. ಅವರು ಇಟ್ಟುಬಿಟ್ಟರು.

ಮಗನಂತೂ ಕಂಗಾಲಾದ. “ಅಪ್ಪಾ, ನಾನ್ ಯಾವಾಗ ಕೇಳ್ದೆ? ಅವ್ಳೂ ನಾನೂ ಚಿಕ್ಕೋರಿದ್ದಾಗ್ಲಿಂದ ಜುಟ್ಟು ಹಿಡ್ಕೊಂಡು ಕಿತ್ತಾಡೋರು!”

ಆದರೂ ಊರಿನವರ ಮಾತನ್ನು ನಾನು ಅಲ್ಲಗಳೆಯಲಿಲ್ಲ. ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಒಳಗೊಳಗೇ ಸಮಾಧಾನವಾಯಿತು. ಊರವರು ಹೇಳುತ್ತಿದ್ದ ಸೋದರಮಾವ ಸಿಟ್ಟಿನವನು, ಮಾನವಂತ. ನಿಜವಾದ ಸೋದರಮಾವ ಎಲೆಯ ಮೇಲೆ ಮೂಗಿನಿಂದ ಕಾಯಿಹಾಲು ಸುರಿಸಿಕೊಂಡವನು. ಇಬ್ಬರಲ್ಲಿ ಮೊದಲನೆಯವನಾಗಿರುವುದೇ ಸುಲಭವೆನ್ನಿಸಿತು.

ಮೈಸೂರಿನಲ್ಲಿ ನಮ್ಮ ದಿನಗಳು ಬೆಂಚುಗಳ ಮೇಲೆಯೇ ಕಳೆದವು. ಒಂದು ಬೆಂಚಿನಿಂದ ಇನ್ನೊಂದಕ್ಕೆ, ಒಂದು ಕಿಟಕಿಯಿಂದ ಮತ್ತೊಂದಕ್ಕೆ. ಅಲ್ಲಿ ಯಾರೂ ಒಬ್ಬರ ಮುಖವನ್ನೊಬ್ಬರು ದಿಟ್ಟಿಸುವುದಿಲ್ಲ. ಅದೊಂದು ಉಪಕಾರ. ಸ್ಕ್ಯಾನಿಂಗ್ ನೋಡಿದ ವೈದ್ಯರು, ಬುರುಡೆ ಕುತ್ತಿಗೆಯ ಮೇಲೆ ಕೂರುವ ಜಾಗದಲ್ಲಿ, ನರಗಳು ಹೊರಬರುವ ಕಿಂಡಿಯ ಸುತ್ತ ಒಂದು ಗೆಡ್ಡೆ ಇದೆ ಎಂದರು. ಗೆಡ್ಡೆ ಎಂದರೆ ನಮ್ಮೂರಿನಲ್ಲಿ ಒಂದೇ ಅರ್ಥ. ಮಂಗಳ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಕೈಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ, “ಮಾದಪ್ಪಾ, ಮಾದಪ್ಪಾ” ಎನ್ನುತ್ತಿದ್ದಳು. ನನಗೆ ಇಟ್ಟಿರುವುದೂ ಆ ದೇವರ ಹೆಸರೇ; ನನ್ನನ್ನು ಕರೆಯುತ್ತಿದ್ದಾಳೋ ಬೆಟ್ಟದ ಸ್ವಾಮಿಯನ್ನೋ ಎಂದು ಕೇಳಬೇಕೆನ್ನಿಸಿತು. ಗಂಡನ ಹೆಸರನ್ನು ಅವಳು ಎಂದೂ ಹೇಳಿದವಳಲ್ಲ. ಕೇಳಲಿಲ್ಲ.

ಮೂಗಿನ ಮೂಲಕ ಸಲಕರಣೆ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಮೊದಲನೆಯ ಚೂರಿನಿಂದ ಏನೂ ಖಚಿತವಾಗಲಿಲ್ಲ. ಮತ್ತೊಮ್ಮೆ ತೆಗೆದರು. ಆ ಎರಡನೆಯ ಫಲಿತಾಂಶಕ್ಕೆ ಕಾಯುವಾಗ ಒಬ್ಬ ದಾದಿ ನನಗೆ ಗಟ್ಟಿಯಾಗಿ ಕಾಯಿಸಿದ ರಾಗಿ ಗಂಜಿ ತಂದುಕೊಟ್ಟರು. ನಾನು ಲೋಟ ಹಿಡಿದು ಸುಮ್ಮನೆ ಕುಳಿತಿದ್ದೆ. ಆಕೆ ಒಂದು ಕ್ಷಣ ನೋಡಿ, “ನಾನು ಇಲ್ಲೇ ಕಿಟಕಿ ಕಡೆ ತಿರುಗಿ ನಿಂತಿರ್ತೀನಿ. ನೀವು ನಿಧಾನವಾಗಿ ಕುಡೀರಿ,” ಎಂದರು. ಕುಡಿದು ಮುಗಿಸುವವರೆಗೂ ಬೆನ್ನು ಮಾಡಿಯೇ ನಿಂತಿದ್ದರು. ಅವರ ಹೆಸರನ್ನು ನಾನು ಕೇಳದೆ ಬಂದೆ.

ಕ್ಯಾನ್ಸರ್ ಅಲ್ಲ ಎಂದರು ವೈದ್ಯರು. “ನಿಮ್ಮ ಮೈಯೇ ಆ ಜಾಗದಲ್ಲಿ ಊತ ಎಬ್ಬಿಸಿ ಗಂಟು ಮಾಡಿಕೊಂಡಿದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅಪರೂಪದ್ದು. ಕೊಯ್ದು ತೆಗೆಯೋ ಜಾಗ ಅಲ್ಲ. ಮಾತ್ರೆಯಲ್ಲಿ ಇಳಿಸೋಣ.”

ಮಂಗಳ ಕೈಮುಗಿದಳು. ಆಮೇಲೆ ಕೇಳಿದಳು: “ಊರಲ್ಲಿ ಕೇಳ್ದ್ರ ಯಾನಂತ ಹೆಸ್ರು ಹೇಳ್ಬೇಕು ಸಾ?”

ಅವರು ಹೇಳಿದ ಹೆಸರು ಒಂದು ಸಾಲಿನಷ್ಟು ಉದ್ದವಿತ್ತು. ಅವಳ ಮುಖ ನೋಡಿ ನಕ್ಕು, “ಊತ ಅಂತ ಹೇಳಿ ಸಾಕು,” ಎಂದರು.

ಆದರೆ ಊತವೆಂದರೆ ಯಾರು ನಂಬುತ್ತಾರೆ? ಕಾಲು ಊದಿಲ್ಲ, ಕೈ ಊದಿಲ್ಲ. ಮಾತ್ರೆ ಶುರುವಾದ ಮೇಲೆ ಮುಖ ಊದಿತು. ಕೆನ್ನೆಗಳು ತುಂಬಿಕೊಂಡು ಕಣ್ಣುಗಳು ಸಣ್ಣವಾದವು. ತಲೆನೋವು ಮಾತ್ರ ಸಂಜೆಯ ಬಿಸಿಲಿನಂತೆ ಮೆಲ್ಲಗೆ ಸರಿದುಹೋಯಿತು. ಅದರ ಜಾಗಕ್ಕೆ ಹಸಿವು ಬಂತು. ಅಂಥ ಹಸಿವನ್ನು ನಾನು ಕಂಡಿರಲಿಲ್ಲ. ಡೈರಿಯ ಮುಂದೆ ಕಟ್ಟಿದ ಹಸು ಹುಲ್ಲು ಮೇಯುವುದನ್ನು ನೋಡಿದರೂ ಬಾಯಲ್ಲಿ ನೀರೂರುತ್ತಿತ್ತು. ಹೊಟ್ಟೆ ಬೇಡುತ್ತಿತ್ತು, ಗಂಟಲು ಒಪ್ಪುತ್ತಿರಲಿಲ್ಲ.

ಡೈರಿಯಲ್ಲಿ ನಂಜಪ್ಪ ನನ್ನ ಕೆನ್ನೆ ನೋಡಿ ಕ್ಯಾನು ಇಳಿಸಿದ.

“ನಾವ್ ತಂದ್ ಉಯ್ಯಾದು, ಸೆಕ್ರೆಟ್ರಿ ಕುಡಿಯಾದು. ಅದ್ಕೇ ನಮ್ ಹಾಲ್ಗ ಡಿಗ್ರಿನೇ ಬರಾಕಿಲ್ಲ!”

ಡಿಗ್ರಿಯೆಂದರೆ ಹಾಲಿನ ಗಟ್ಟಿತನದ ಅಳತೆ. ಸಾಲಿನಲ್ಲಿ ಇದ್ದವರೆಲ್ಲ ನಕ್ಕರು. ಒಂದು ಗುಟುಕು ಹಾಲು ಮೂಗಿಗೆ ಏರದಂತೆ ಕುಡಿದು ಎಷ್ಟೋ ಕಾಲವಾಗಿದ್ದವನು ನಾನು. ಮಾತ್ರೆ ನಿಲ್ಲಿಸಿಬಿಡಬೇಕೆಂದು ಅಂದು ನಿಶ್ಚಯಿಸಿದೆ. ಮಂಗಳ ಬಿಡಲಿಲ್ಲ; ಬಾಳೆಹಣ್ಣು ಕಿವುಚಿ ಅದರೊಳಗೆ ಮಾತ್ರೆ ಇಟ್ಟು, ನಾನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ಎದುರಿಗೆ ನಿಲ್ಲುತ್ತಿದ್ದಳು. “ಮಕ ಊದ್ರ ಊದ್ಲಿ. ನಾನ್ ನೋಡ್ಕೊಳ ಮಕ ಅದು, ನಂಜಪ್ಪ ನೋಡ್ಕೊಳಾದಲ್ಲ,” ಎಂದಳು. ವೈದ್ಯರನ್ನು ಕೇಳದೆ ಇಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವೆಂದು ನಂತರ ತಿಳಿದುಬಂತು. ಈ ಬಗ್ಗೆ ಓದುಗರು ದಯವಿಟ್ಟು ಗಮನ ಹರಿಸಬೇಕು.

ನುಂಗುವುದನ್ನು ಮತ್ತೆ ಕಲಿಸಲು ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಇದ್ದರು. ಏನು ಊಟ ಎಂದು ಕೇಳಿದರು. ಮುದ್ದೆ ಎಂದೆ.

“ಹಾಗಾದರೆ ಇನ್ನು ಮುಂದೆ ಚಿಕ್ಕ ತುತ್ತು ಮಾಡಿ, ಅಗಿದು ತಿನ್ನಿ.”

“ಮುದ್ದೆನ ಅಗಿಯಾದಾ ಮೇಡಂ?”

ಮಂಗಳ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಿಂಗಳುಗಳ ನಂತರ ಕೇಳಿದ ನಗೆ ಅದು. ಮುದ್ದೆಯನ್ನು ಅಗಿಯುವುದು ನಮ್ಮಲ್ಲಿ ಹಲ್ಲು ಬರುತ್ತಿರುವ ಕೂಸುಗಳು ಮಾತ್ರ. ಗಂಡಾಳು ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗಬೇಕು. ಮೇಡಂ ಅದಕ್ಕೆಲ್ಲ ಜಗ್ಗಲಿಲ್ಲ. ಗದ್ದವನ್ನು ಬಲಭುಜದ ಕಡೆಗೆ ತಿರುಗಿಸಿ ತಗ್ಗಿಸಬೇಕು, ಒಂದು ತುತ್ತಿಗೆ ಎರಡು ಸಲ ನುಂಗಬೇಕು, ಕೆಮ್ಮಿ ಗಂಟಲು ತೆರವು ಮಾಡಿಕೊಳ್ಳಬೇಕು, ಬಾಯಲ್ಲಿ ತುತ್ತಿರುವಾಗ ಮಾತನಾಡಬಾರದು ಎಂದು ಅಪ್ಪಣೆಯಾಯಿತು. ಸೋತಿರುವ ಕಡೆಗೆ ತಿರುಗಿದರೆ ಆ ದಾರಿ ಮುಚ್ಚಿಕೊಂಡು, ಚೆನ್ನಾಗಿರುವ ಕಡೆಯಿಂದ ಅನ್ನ ಇಳಿಯುತ್ತದಂತೆ. ಇಳಿಯಿತು. ಆದರೆ ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಪ್ರತಿ ತುತ್ತಿಗೂ ಅವರ ಎಲೆಗೆ ಕಣ್ಣು ಹಾಕಿದಂತೆ ಕಾಣುತ್ತಿತ್ತು. ಆದ್ದರಿಂದ ನಾನು ಹಿತ್ತಲಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ ಉಣ್ಣುವುದನ್ನು ರೂಢಿ ಮಾಡಿಕೊಂಡೆ. ಯಾರ ಮನೆಗೂ ಹೋಗುವುದನ್ನು ನಿಲ್ಲಿಸಿದೆ.

ಕಲಾಳ ಮದುವೆ ಹತ್ತಿರ ಬಂತು. ಅಕ್ಕ ಬರಲಿಲ್ಲ. ಸೋದರಮಾವನಿಗೆ ವೀಳ್ಯದೆಲೆ ಇಟ್ಟು ಕರೆಯದೆ ಮದುವೆ ನಡೆಯುವುದಿಲ್ಲ. ಆದರೂ ಬರಲಿಲ್ಲ. ಮಂಗಳ ನಿತ್ಯವೂ, “ಹೇಳ್ಬುಡ್ಲಾ? ನಾನೇ ಓಗಿ ಹೇಳ್ಬುಡ್ಲಾ?” ಎನ್ನುತ್ತಿದ್ದಳು. ನಾನು ಬೇಡವೆನ್ನುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದೆ. ಹಿತ್ತಲ ಕಡೆಯಿಂದ ಬಾಗಿಲು ತೆರೆಯಿತು. ಆ ಮನೆ ಅಕ್ಕ ಹುಟ್ಟಿ ಬೆಳೆದ ಮನೆ. ಮುಂಬಾಗಿಲಿನಿಂದ ಬರುವುದು ನೆಂಟರು ಮಾತ್ರ ಎಂದು ಆಕೆ ಯಾವಾಗಲೂ ಹಿತ್ತಲಿನಿಂದಲೇ ಬರುವವಳು. ಕೈಯಲ್ಲಿ ಹೂವು, ಎಲೆ, ಅಡಿಕೆಯ ತಟ್ಟೆಯಿತ್ತು. ನನ್ನ ಮುಖ ಗೋಡೆಗಿತ್ತು. ಆಕೆ ಬೈಯುತ್ತಲೇ ಒಳಗೆ ಬಂದಳು.

“ಗ್ವಾಡೆ ಕಡೀಕ್ ಮಕ ಮಾಡ್ಕೊಂಡ್ ಕುಂತ್ಕ, ಸರಿ! ನಿನ್ ಕಾಲ್ ಹಿಡಿಯಾಕ್ ಬಂದಿಲ್ಲ ಕನ್ಲಾ ನಾನು. ನಮ್ಮವ್ವ ಇದ್ದಿದ್ರ ನನ್ನ ಹಿಂಗ್ ಮಾಡ್ತಿದ್ದಾ? ನಿನ್ ತವರು ಎಲೆ ಬುಟ್ಟು ಎದ್ದೋಯ್ತಲ್ಲಾ ಅಂತ ನಮ್ಮತ್ತೆ ದಿನಾ ನನ್ ತಟ್ಟೆ ಮುಂದ ಅಂತಾರ. ತುತ್ತು ಗಂಟ್ಲಲ್ಲಿ ಇಳಿಯಾಕಿಲ್ಲ ಕನ್ಲಾ ನಂಗ!”

ನನ್ನ ಬಾಯಲ್ಲಿ ತುತ್ತಿತ್ತು. ಮಾತನಾಡುವಂತಿಲ್ಲ. ಕೈ ಎತ್ತಿ ತಡಿ ಎಂದು ಸನ್ನೆ ಮಾಡಿದೆ. ಅದು ಆಕೆಗೆ ಇನ್ನಷ್ಟು ಸಿಟ್ಟು ತರಿಸಿತು. “ತಡೀಬೇಕಾ? ಇನ್ನೂ ಎಷ್ಟ್ ದಿನ ತಡೀಲಿ?” ಎಂದು ನನ್ನ ಎದುರಿಗೆ ಬಂದು ನಿಂತಳು. ಆಗ ನೋಡಿದಳು: ಊದಿದ ಮುಖ, ಕುತ್ತಿಗೆಗೆ ಕಟ್ಟಿಕೊಂಡ ಟವೆಲು, ಭುಜಕ್ಕೆ ಒತ್ತಿದ ಗದ್ದ. ನಾನು ಮುದ್ದೆ ಅಗಿದೆ. ಒಮ್ಮೆ ನುಂಗಿದೆ. ಇನ್ನೊಮ್ಮೆ ನುಂಗಿದೆ. ಕೆಮ್ಮಿದೆ. ಮೂಗು ಒರೆಸಿಕೊಂಡೆ. ಅಷ್ಟೂ ಹೊತ್ತು ಅಕ್ಕ ತಟ್ಟೆ ಹಿಡಿದು ನಿಂತಿದ್ದಳು. ಜೀವನದಲ್ಲಿ ಅಷ್ಟು ಉದ್ದದ ತುತ್ತನ್ನು ನಾನು ನುಂಗಿಲ್ಲ.

“ಅಂದು... ಕಾಯಿಹಾಲು ಮೂಗಲ್ಲಿ ಬಂದ್ಬುಡ್ತು ಕನಕ್ಕಾ,” ಎಂದೆ.

ಆಕೆ ತಟ್ಟೆಯನ್ನು ನೆಲದ ಮೇಲಿಟ್ಟು ಕುಳಿತಳು.

“ಇದ್ಕಾ? ಇದ್ಕಾ ಎದ್ದೋದೆ?”

“ಹೂಂ.”

“ನಿನ್ ಮೂಗು ಬಾಯಿ ಒರ್ಸಿ ಬೆಳ್ಸಿವ್ನಿ ಕನ್ಲಾ ನಾನು. ನನ್ ಮುಂದ ನಾಚ್ಕೆಯಾ ನಿಂಗ?”

ಆಕೆ ಅಳುತ್ತ ನನ್ನ ಬೆನ್ನಿಗೊಂದು ಗುದ್ದಿದಳು. ಬಾಗಿಲಲ್ಲಿ ನಿಂತಿದ್ದ ಮಂಗಳ, “ಉಣ್ಣೋವಾಗ ಗುದ್ಬೇಡಿ ಅತ್ಗಮ್ಮಾ, ನೆತ್ತಿಗೇರ್ತದ!” ಎಂದಳು. ಅಕ್ಕ ಅಳುವಿನ ನಡುವೆಯೇ ನಕ್ಕಳು.

ಮಾನ್ಯರೇ, ಕಾಯಿಲೆ ಬಂದುದಕ್ಕೆ ಪಟ್ಟ ನಾಚಿಕೆ ಅಂದಿಗೆ ತೀರಿತು. ನನ್ನ ನಾಚಿಕೆಯನ್ನು ಇಷ್ಟು ಕಾಲ ಅಕ್ಕ ತನ್ನ ಅತ್ತೆಯ ಮುಂದೆ ಕುಳಿತು ಉಂಡಳೆಂಬ ನಾಚಿಕೆ ಮಾತ್ರ ತೀರಿಲ್ಲ. ಅದಕ್ಕೆ ಮಾತ್ರೆಯಿಲ್ಲ.

ಮದುವೆ ಯಳಂದೂರಿನ ಒಂದು ಛತ್ರದಲ್ಲಿ ನಡೆಯಿತು. ನಾನು ಧಾರೆಗೆ ನಿಲ್ಲುತ್ತೇನೆ, ಊಟವನ್ನು ಮಾತ್ರ ಆಮೇಲೆ ಅಡುಗೆಮನೆಯಲ್ಲಿ ಮಾಡುತ್ತೇನೆ ಎಂದು ಕೇಳಿಕೊಂಡೆ. ಅಕ್ಕ ಒಪ್ಪಲಿಲ್ಲ. “ಎಲ್ಲಿ ಎದ್ಯೋ ಅಲ್ಲೇ ಕೂತ್ಕೋಬೇಕು,” ಎಂದಳು. ಮೊದಲ ಪಂಕ್ತಿಯಲ್ಲಿ ಅದೇ ಅಜ್ಜನವರ ಪಕ್ಕದಲ್ಲಿ ನನ್ನನ್ನು ಕೂರಿಸಿದರು, ಆದರೆ ಈ ಸಲ ಅವರು ನನ್ನ ಎಡಕ್ಕಿದ್ದರು. ಬಲಗಡೆಯ ಎಲೆ ಖಾಲಿಯಿತ್ತು. ಬಡಿಸುವುದು ಶುರುವಾಗುವ ಹೊತ್ತಿಗೆ ಅಕ್ಕ ಸೌಟನ್ನು ಯಾರದೋ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಬಂದು ಅಲ್ಲಿ ಕುಳಿತಳು. ಹೆಣ್ಣಿನ ತಾಯಿ ಮೊದಲ ಪಂಕ್ತಿಗೆ ಕೂರುವುದು ಪದ್ಧತಿಯಲ್ಲ. ಭಾವ ಏನೋ ಹೇಳಲು ಬಂದವರು ಆಕೆಯ ಮುಖ ನೋಡಿ ಹಿಂದೆ ಸರಿದರು.

“ಯಾವ ಕಡೀಕ್ ತಿರುಗ್ಬೇಕೋ ತಿರುಗು. ಇಲ್ಲಿರೋಳು ನಾನೇ,” ಎಂದಳು.

ಒಬ್ಬಟ್ಟನ್ನು ಕಾಯಿಹಾಲಿನಲ್ಲಿ ತಾನೇ ಕಿವುಚಿ ಗಟ್ಟಿ ಮಾಡಿ ನನ್ನ ಎಲೆಗಿಟ್ಟಳು. ನಾನು ಒಂದು ತುತ್ತು ಬಾಯಿಗಿಟ್ಟು ಬಲಕ್ಕೆ ತಿರುಗಿದೆ. ಅಷ್ಟು ಕಾಲ ನೋಡದೆ ತಪ್ಪಿಸಿಕೊಂಡಿದ್ದ ಮುಖವನ್ನು ಪ್ರತಿ ತುತ್ತಿಗೂ ನೋಡಬೇಕಾಯಿತು. ಆಕೆಯ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ನಿಶ್ಚಿತಾರ್ಥದ ದಿನ ಅದು ಇತ್ತೋ ಇಲ್ಲವೋ ನನಗೆ ತಿಳಿಯದು. ಒಮ್ಮೆ ನೆತ್ತಿಗೇರಿತು. ಮೂಗಿನಿಂದ ಸ್ವಲ್ಪ ಬಂತು. ಟವೆಲಿನಲ್ಲಿ ಒರೆಸಿಕೊಂಡೆ. ಆಕೆ ಹಪ್ಪಳ ಮುರಿದು ತಿನ್ನುತ್ತಲೇ ಇದ್ದಳು.

ಪಂಕ್ತಿಯವರ ಊಟವೆಲ್ಲ ಮುಗಿಯಿತು. ನನ್ನದು ಅರ್ಧವಾಗಿತ್ತು. ಕೈಗಳು ಒಣಗತೊಡಗಿದವು. ಆ ತುದಿಯಿಂದ ಯಾರೋ ಕೇಳಿದರು:

“ಏಳಾಣ್ವಾ ಯಜಮಾನ್ರೇ?”

ಅಕ್ಕ ಇಡೀ ಛತ್ರಕ್ಕೆ ಕೇಳುವಂತೆ ಹೇಳಿದಳು: “ನನ್ ತಮ್ಮ ಉಣ್ತಾವ್ನ.”

ಅಜ್ಜನವರು ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ ಬಡಿಸುವವನನ್ನು ಕರೆದು, “ಮಜ್ಜಿಗೆಗೆ ಇನ್ನೊಂದೀಟು ಅನ್ನ ಹಾಕಪ್ಪ,” ಎಂದು ಎಲೆಯನ್ನು ಮುಂದಕ್ಕೆ ಸರಿಸಿದರು. ಅವರಿಗೆ ಹಸಿವಿರಲಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಏಳಲಿಲ್ಲ.

ಈಗಿನ ಸ್ಥಿತಿಯನ್ನು ತಿಳಿಸಿ ಮುಗಿಸುತ್ತೇನೆ. ಗಂಟು ಬಹಳಷ್ಟು ಇಳಿದಿರುತ್ತದೆ. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ. ಮುಖ ಮೊದಲಿನಂತಾಗಿದೆ. ಧ್ವನಿ ಅರ್ಧ ಮರಳಿದೆ. ನಂಜಪ್ಪ ಈಗ ನನ್ನ ಪರವಾಗಿ ಹೆಸರುಗಳನ್ನು ಕೂಗುತ್ತಾನೆ, ತನ್ನ ಹೆಸರನ್ನು ಮೊದಲು ಕೂಗಿಕೊಳ್ಳುತ್ತಾನೆ. ನಾಲಿಗೆ ಇನ್ನೂ ಬಲಕ್ಕೇ ಹೊರಳುತ್ತದೆ. ಮುದ್ದೆಯನ್ನು ನಡುಮನೆಯಲ್ಲಿ ಕುಳಿತು, ಎಲ್ಲರ ಮುಂದೆ ಅಗಿದೇ ಉಣ್ಣುತ್ತೇನೆ.

ಅಜ್ಜೀಪುರದ ಕಡೆಯ ಸದರಿ ತಾಯಿಯವರು ಇದನ್ನು ಓದಿದರೆ, ಅಂದು ಅವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೀಗಿರುತ್ತದೆ: ಕಂಡಿದ್ದೇನೆ ತಾಯಿ. ತಡವಾಗಿ ಹೇಳುತ್ತಿರುವುದಕ್ಕೆ ಮನ್ನಿಸಬೇಕು.

ಮೇಲಿನ ಬರಹದಲ್ಲಿ ಅಕ್ಷರ, ಒತ್ತಕ್ಷರ, ವಾಕ್ಯ ಎಲ್ಲಿಯಾದರೂ ತಪ್ಪಿದ್ದಲ್ಲಿ ಓದುಗರು ಕೃಪೆಯಿಟ್ಟು ತಿದ್ದಿಕೊಳ್ಳಬೇಕಾಗಿ ಬೇಡುತ್ತೇನೆ. ನಾನು ತಿದ್ದಬೇಕಾಗಿದ್ದ ಒಂದು ತಪ್ಪನ್ನು ತಿದ್ದಿರುತ್ತೇನೆ. ಉಳಿದವು ತಮ್ಮ ಕೈಯಲ್ಲಿವೆ.

ಇಂತಿ ತಮ್ಮ ವಿಧೇಯ,
ಪುಟ್ಟಮಾದಪ್ಪ